ಬಿಂದಿಗೆ ಯಾರ ಕೈಯಲ್ಲಿ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ ಆಟ. ಪುಣೆ, ಹೈದರಾಬಾದಿನ ನಮ್ಮ ಹುಡುಗರೂ ಈಗ ಭಾನುವಾರವಿಡೀ ದಾಳ ಉರುಳಿಸುತ್ತಾರೆ. ಸಂತೋಷ. ನನ್ನ ತಕರಾರು ಅವರು ಅಜ್ಜಿಕಥೆಗಳಿಂದ ಎತ್ತಿ ತರುವ ಪಾತ್ರಗಳ ಬಗ್ಗೆ. ಕೆಂಪು ಟೋಪಿಯ ಹುಡುಗಿಗೆ ಕೊಡಲಿ ಕೊಟ್ಟು, ಶಕ್ತಿಗೆ 16 ಅಂಕ ಬರೆದರೆ ಪಾತ್ರ ಸಿದ್ಧವಂತೆ. ಇದಕ್ಕೆ ಶಾಲೆಯಲ್ಲಿ ಛದ್ಮವೇಷ ಅನ್ನುತ್ತಿದ್ದೆವು.

ಅಜ್ಜಿಕಥೆಯ ಪಾತ್ರ ಷರತ್ತಿನ ಮೇಲೆ ನಿಂತಿರುತ್ತದೆ. ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಸಿಂಡ್ರೆಲಾಗೆ ನಡುರಾತ್ರಿಯ ಗಡುವು. ಗ್ರಿಮ್ ಸೋದರರ ರಂಪಲ್‌ಸ್ಟಿಲ್ಟ್‌ಸ್ಕಿನ್ ಹುಲ್ಲಿನಿಂದ ಚಿನ್ನ ನೂಲುತ್ತಾನೆ, ಹೆಸರು ಗೊತ್ತಾಯಿತೋ ಕಥೆ ಮುಗಿಯಿತು.

ನಮ್ಮದೇ ಹೂವಿನ ಮರವಾಗುವ ಹುಡುಗಿಯನ್ನು ನೋಡಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆ. ಕಾರ್ನಾಡರು 1992ರಲ್ಲಿ 'ಚೆಲುವಿ' ಸಿನಿಮಾ ಮಾಡಿದ್ದು (ಹಿಂದಿಯಲ್ಲಿ, ಇರಲಿ). ಒಂದು ಬಿಂದಿಗೆ ನೀರು ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಸುರಿಯುವವರು ಮಾತ್ರ ಬೇರೆಯವರು. ಒಡಹುಟ್ಟಿದವಳು ಒಂದೆಲೆಯೂ ನೋಯದಂತೆ ಹೂ ಬಿಡಿಸುತ್ತಾಳೆ. ನಾದಿನಿ, ಅವಳ ಗೆಳತಿಯರು ಕೊಂಬೆ ಮುರಿದು, ನೀರನ್ನು ಹೇಗೋ ಎರಚಿ ಹೋಗುತ್ತಾರೆ. ಉಳಿಯುವುದು ಕೈಕಾಲಿಲ್ಲದ ಮೈ.

ಇವಳನ್ನು ಬೇಕೆಂದಾಗ ಮರವಾಗಿ, ಬೇರಿನಿಂದ ಶತ್ರುವನ್ನು ಬಿಗಿಯುವ ಮಂತ್ರಗಾತಿ ಮಾಡಿದಿರೋ, ಕಥೆ ಅಲ್ಲೇ ಸತ್ತಿತು. ಹಾಳೆಯಲ್ಲಿ ಮೊದಲು ಬಿಂದಿಗೆಯನ್ನು ಬರೆಯಿರಿ. ಅದನ್ನು ಪಕ್ಕದ ಆಟಗಾರನ ಕೈಗೆ ಕೊಡಿ. ಅವನೊಡನೆ ಜಗಳವಾದರೆ? ಅವನಿಗೆ ಹೂವಿನಾಸೆ ಹತ್ತಿದರೆ? ಕಾಳಗದ ಗಡಿಬಿಡಿಯಲ್ಲಿ ನೀರು ಚೆಲ್ಲಿದರೆ? ಆಗ ಉರುಳುವ ದಾಳವನ್ನು ಬಿಟ್ಟು ಯಾರೂ ಫೋನ್ ನೋಡುವುದಿಲ್ಲ.

'ಆಡೋದು ಗೆಲ್ಲೋಕೆ, ನರಳೋಕಲ್ಲ' ಎನ್ನುವವರಿದ್ದಾರೆ. ಅವರಿಗೆ ಕೇರಂ ಇದೆಯಲ್ಲ.