ಗೃಹಸ್ಥರ ತಿಳಿವಳಿಕೆಗೆ: ಹಳೆಯ ಮೋಟಾರಿನ ಎರಡು ದೀಪಗಳು

ಹಿರಿಯರು ಕೊಂಡ ಮೋಟಾರು ಗಾಡಿಯನ್ನು ಮಾರಲೊಪ್ಪದೆ, ಮನೆಯ ಆಸ್ತಿಯಂತೆ ಕಾಪಾಡಿಕೊಂಡು ಬಂದಿರುವ ಗೃಹಸ್ಥರು ನಮ್ಮ ವಾಚಕರಲ್ಲಿ ಕೆಲವರಾದರೂ ಇರಬಹುದು. ಅಂಥವರ ಉಪಯೋಗಕ್ಕಾಗಿ ಈ ತಿಂಗಳು ಡ್ಯಾಷ್‌ಬೋರ್ಡಿನ ಎಚ್ಚರಿಕೆಯ ದೀಪಗಳ ವಿಷಯವನ್ನು ಎತ್ತಿಕೊಂಡಿದ್ದೇವೆ.

ಇಂಗ್ಲೆಂಡಿನಲ್ಲಿ 1956ರಲ್ಲಿ ಹೊರಬಂದ ಮಾರಿಸ್ ಮೈನರ್ 1000 ಎಂಬ ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಮುಖ್ಯವಾದ ಎಚ್ಚರಿಕೆಯ ದೀಪಗಳು ಎರಡು: ಡೈನಮೋವಿನದೊಂದು, ಎಣ್ಣೆಯದೊಂದು. ಕೀಲಿಯನ್ನು ತಿರುಗಿಸಿದೊಡನೆ ಎರಡೂ ಹೊತ್ತಿಕೊಳ್ಳಬೇಕು. ಇಂಜಿನು ನಡೆಯತೊಡಗಿದ ಮೇಲೆ ಎರಡೂ ಆರಬೇಕು. ಮೊದಲಿಗೇ ಹೊತ್ತದ ದೀಪವನ್ನು ಕಂಡು, ಎಲ್ಲವೂ ಕ್ಷೇಮವೆಂದು ಭಾವಿಸಲಾಗದು. ಬಲ್ಬು ಸುಟ್ಟಿದ್ದರೆ ಅಪಾಯ ಬಂದಾಗಲೂ ಅದು ಸುಮ್ಮನೇ ಇರುವುದಷ್ಟೆ.

ಡೈನಮೋವಿನ ದೀಪದ ಒಂದು ತುದಿಯು ಬ್ಯಾಟರಿಯ ಕಡೆಗೂ ಇನ್ನೊಂದು ತುದಿಯು ಡೈನಮೋವಿನ ಕಡೆಗೂ ಸೇರಿರುತ್ತದೆ. ಎರಡು ಕಡೆಯ ವೋಲ್ಟೇಜೂ ಸಮವಾದಾಗ ವಿದ್ಯುತ್ತು ಹರಿಯದೆ ದೀಪವಾರುತ್ತದೆ. ಆದಕಾರಣ, ಗಾಡಿಯು ನಿಂತಲ್ಲೇ ಇಂಜಿನು ನಿಧಾನವಾಗಿ ತಿರುಗುವಾಗ ಅದು ಮಿಣುಕಿದರೆ ಹೆದರಬೇಕಾದುದಿಲ್ಲ. ದಾರಿಯಲ್ಲಿ ಓಡುತ್ತಿರುವಾಗ ಹೊತ್ತಿಕೊಂಡರೆ ಮಾತ್ರ ಗಾಡಿಯನ್ನೂ ಇಂಜಿನನ್ನೂ ನಿಲ್ಲಿಸಿ, ಬಾನೆಟ್ಟನ್ನೆತ್ತಿ, ಫ್ಯಾನ್ ಬೆಲ್ಟನ್ನು ನೋಡತಕ್ಕದ್ದು. ನೀರಿನ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಅದು ಹರಿದಿದ್ದರೆ ಮುಂದೆ ಹೋಗಕೂಡದು. ನೀರು ಕುದಿದು ಇಂಜಿನೇ ಕೆಟ್ಟೀತು. ಸಡಿಲವಾಗಿದ್ದರೆ ಬಿಗಿಸಬೇಕು. ಬೆಲ್ಟು ಸರಿಯಾಗಿದ್ದೂ ದೀಪವಾರದಿದ್ದರೆ, ದೋಷವು ಡೈನಮೋವಿನ ಬ್ರಷ್ಷಿನಲ್ಲೋ ತಂತಿಯಲ್ಲೋ ಕಂಟ್ರೋಲ್ ಬಾಕ್ಸಿನಲ್ಲೋ ಇರಬಹುದು. ಆಗ ಹಗಲಾಗಿದ್ದರೆ ಹೆಡ್‌ಲೈಟನ್ನು ಹಚ್ಚದೆ, ಬ್ಯಾಟರಿಯ ಬಲದಿಂದಲೇ ಸಮೀಪದ ಊರನ್ನು ಸೇರಬಹುದು.

ಎಣ್ಣೆಯ ದೀಪದ ವಿಷಯದಲ್ಲಿ ಇಷ್ಟು ಸಲಿಗೆಯಿಲ್ಲ. ಅದು ತಿಳಿಸುವುದು ಎಣ್ಣೆಯ ಅಳತೆಯನ್ನಲ್ಲ, ಒತ್ತಡವನ್ನು. ಒತ್ತಡ ತಪ್ಪಿದರೆ ಬೇರಿಂಗುಗಳಿಗೆ ಎಣ್ಣೆ ತಲಪದೆ, ಲೋಹಕ್ಕೆ ಲೋಹ ತಿಕ್ಕಿ, ಸ್ವಲ್ಪ ಹೊತ್ತಿನಲ್ಲಿಯೇ ಇಂಜಿನು ಹಾಳಾಗುವುದು. ಓಡುವಾಗ ಈ ದೀಪ ಹೊತ್ತಿದೊಡನೆ ಗಾಡಿಯನ್ನು ಪಕ್ಕಕ್ಕೊಯ್ದು ಇಂಜಿನನ್ನು ನಿಲ್ಲಿಸಬೇಕು. ಕೆಲವು ನಿಮಿಷ ಕಾದು, ಅಳತೆಯ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ನೋಡಬೇಕು. ಎಣ್ಣೆ ಕಡಮೆಯಾಗಿದ್ದರೆ ತುಂಬಬೇಕು. ಎಣ್ಣೆ ಸಾಕಷ್ಟಿದ್ದೂ ದೀಪ ಉರಿದರೆ, ಒತ್ತಡದ ಸ್ವಿಚ್ಚೊಂದೇ ಕೆಟ್ಟಿರಲೂಬಹುದು. ಆದರೆ ಮೆಕ್ಯಾನಿಕ್ಕನು ಮಾಪಕವನ್ನಿಟ್ಟು ಪರೀಕ್ಷಿಸುವವರೆಗೆ ಹಾಗೆಂದು ನಂಬಿ ಗಾಡಿಯನ್ನು ನಡೆಸತಕ್ಕದ್ದಲ್ಲ. ಆಗುಂಬೆಯಂಥ ಘಟ್ಟದ ತಿರುವುಗಳಲ್ಲಿ ಮಾತ್ರ ಅದು ಕ್ಷಣಕಾಲ ಮಿನುಗಿ ಆರಿದರೆ, ಎಣ್ಣೆ ಕಡಮೆಯಾಗಿ ಒಂದು ಮಗ್ಗುಲಿಗೆ ಸರಿದು, ಪಂಪಿಗೆ ಸಿಕ್ಕುತ್ತಿಲ್ಲವೆಂದು ಸಂದೇಹಪಡಬೇಕು. ದೂರದ ಪ್ರಯಾಣದ ತರುವಾಯ, ಬಿಸಿಯಾದ ಇಂಜಿನು ನಿಧಾನವಾಗಿ ತಿರುಗುವಾಗ ಮಿನುಗಿದರೆ ಎಣ್ಣೆ ತೆಳುವಾಗಿರಬಹುದು, ಇಲ್ಲವೆ ಬೇರಿಂಗು ಸವೆದಿರಬಹುದು.

ಗಾಡಿಯನ್ನು ನಡೆಸುವ ಮನೆಯವರೆಲ್ಲರಿಗೂ ಈ ಭೇದವನ್ನು ಮೊದಲೇ ತಿಳಿಸಿಡುವುದು ಯಜಮಾನರ ಕರ್ತವ್ಯ. ಹೆಂಡತಿ ಮಕ್ಕಳೊಡನೆ ದೂರ ಹೊರಡುವಾಗ ಬೇರೊಂದು ಬೆಲ್ಟು, ಎರಡು ಬಲ್ಬು, ಒಂದು ಡಬ್ಬಿ ಎಣ್ಣೆ ಇವು ಡಿಕ್ಕಿಯಲ್ಲಿರಲಿ. ಇವುಗಳಿಗಾಗುವ ವೆಚ್ಚವು ಇಂಜಿನಿನ ದುರಸ್ತಿಯ ಮುಂದೆ ಏನೂ ಅಲ್ಲ.