ಈಶ್ವರಿ ಬಳ್ಳಿಯ ಹುಳುಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದವರಿಗೆ ಹುಳು ಎಂದೊಡನೆ ನೆನಪಾಗುವುದು ತೆಂಗಿನ ಗರಿ ಒಣಗಿಸುವ ಕಪ್ಪುತಲೆ ಹುಳು. ಹಾಗಾಗಿ ಬೇಲಿಯ ಬಳ್ಳಿಯೊಂದರಲ್ಲಿ ಮೈತುಂಬ ಕೆಂಪು ಮೆತ್ತನೆಯ ಮುಳ್ಳುಗಳಿರುವ ಕಪ್ಪು ಹುಳುಗಳು ಕಂಡರೆ ಕೂಡಲೇ ಔಷಧಿ ಸಿಂಪಡಿಸುವ ಯೋಚನೆ ಬರುತ್ತದೆ. ಆ ಬಳ್ಳಿ ಈಶ್ವರಿಯಾಗಿದ್ದರೆ ಸ್ವಲ್ಪ ತಾಳಿ. ಅವು ತೆಂಗಿನ ಗರಿಯನ್ನು ಮೂಸಿಯೂ ನೋಡುವುದಿಲ್ಲ. ಈಶ್ವರಿಯ ಕುಲದ ಸಸ್ಯಗಳೇ ಅವುಗಳ ಆಹಾರ.

ಈ ಹುಳುಗಳೇ ಮುಂದೆ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಕಪ್ಪು ರೆಕ್ಕೆ, ಕೆಂಪು ಮೈಯ ಚಿಟ್ಟೆಗಳಾಗುತ್ತವೆ. ಎಲೆಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ಹುಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಅದರ ಗೋಜಿಗೆ ಹೋಗುವುದಿಲ್ಲ. ಇದರ ಲಾಭವನ್ನು ಇನ್ನೊಂದು ಚಿಟ್ಟೆ ಪಡೆಯುತ್ತದೆ. ಹಿತ್ತಲಿನ ಕರಿಬೇವು, ನಿಂಬೆ ತಿಂದು ಬೆಳೆಯುವ ಕಾಮನ್ ಮಾರ್ಮನ್‌ನ ಕೆಲವು ಹೆಣ್ಣುಗಳು ವಿಷವಿಲ್ಲದಿದ್ದರೂ ರೋಸ್ ಚಿಟ್ಟೆಗಳ ವೇಷ ಹಾಕುತ್ತವೆ. ಮೈ ಕೆಂಪಾದರೆ ಅಸಲಿ, ಕಪ್ಪಾದರೆ ನಕಲಿ. ವಿದ್ಯಾರ್ಥಿಗಳು ಇದನ್ನು ತೋಟದಲ್ಲೇ ಪರೀಕ್ಷಿಸಬಹುದು.

ಹುಳುವಿಗೆ ರಕ್ಷಣೆಯಾದ ಆಮ್ಲ ಮನುಷ್ಯರ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಇದೇ ಕುಲದ ಗಿಡಮೂಲಿಕೆ ಬೆರೆತಿದ್ದ ಮಾತ್ರೆಗಳನ್ನು ತೂಕ ಇಳಿಸಲೆಂದು ನುಂಗಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ವಿಫಲವಾದವು. ಹಾವು ಕಚ್ಚಿದವರಿಗೆ ಈಶ್ವರಿ ಬೇರು ತೇಯ್ದು ಕುಡಿಸುವ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದನ್ನು ಬಿಟ್ಟು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಾವಿನ ವಿಷಕ್ಕೆ ಮದ್ದು ಪ್ರತಿವಿಷದ ಚುಚ್ಚುಮದ್ದೇ.

ಬೆಳೆಸುವುದು ಸುಲಭ. ಒಣಗಿದ ಕಾಯಿ ಬಿರಿದು ಪುಟ್ಟ ತೂಗುಬುಟ್ಟಿಯಂತೆ ನೇತಾಡುತ್ತದೆ. ಅದರೊಳಗಿನ ಚಪ್ಪಟೆ ಬೀಜಗಳನ್ನು ಮುಂಗಾರಿನಲ್ಲಿ ಬಿತ್ತಿ. ಮೊಳೆಯಲು ತಡವಾದರೆ ಕೆದಕಿ ನೋಡುವ ಆತುರ ಬೇಡ. ಬೇಲಿಯನ್ನೋ ಹಂದರವನ್ನೋ ಸುತ್ತಿಕೊಂಡು ಬಳ್ಳಿ ತಾನೇ ಏರುತ್ತದೆ. ಎಳೆಯ ಮಕ್ಕಳಿರುವ ಮನೆಯಲ್ಲಿ ಅವರ ಕೈಗೆಟುಕದ ಕಡೆ ನೆಡಿ.

ನರ್ಸರಿಗಳಲ್ಲಿ ಇದೇ ಕುಲದ, ದೊಡ್ಡ ಚಿತ್ತಾರದ ಹೂವಿನ ದಕ್ಷಿಣ ಅಮೆರಿಕದ ಬಳ್ಳಿ ಸಿಗುತ್ತದೆ. ನೋಡಲು ಚೆನ್ನ. ಆದರೆ ಆಸ್ಟ್ರೇಲಿಯದಲ್ಲಿ ರಿಚ್‌ಮಂಡ್ ಬರ್ಡ್‌ವಿಂಗ್ ಎಂಬ ಚಿಟ್ಟೆ ಅದರ ಮೇಲೆ ಮೋಸಹೋಗಿ ಮೊಟ್ಟೆಯಿಟ್ಟು, ಎಲೆ ತಿಂದ ಮರಿಗಳೆಲ್ಲ ಸಾಯುತ್ತವೆ. ನಮಗೆ ಊರ ಈಶ್ವರಿಯೇ ವಾಸಿ. ಹುಳುಗಳು ಎಲೆಯೆಲ್ಲ ಮುಗಿಸಿ ಬಳ್ಳಿ ಬೋಳಾದರೂ ಗಾಬರಿ ಬೇಡ. ನೆಲದೊಳಗಿನ ಗಟ್ಟಿ ಬೇರು ಮತ್ತೆ ಚಿಗುರುತ್ತದೆ.