ಈ ‘ನ್ಯಾಷನಲ್’ ಕಾರ್ ರೇಸು ಯಾರದ್ದು ಸ್ವಾಮೀ?

ಕಳೆದ ತಿಂಗಳು ಒಂದು ಶನಿವಾರ ರಾತ್ರಿ ಎರಡೂವರೆಗೆ ಪಕ್ಕದ ಬಿಲ್ಡಿಂಗಿನ ಶೆಟ್ರು ಬಂದು ಬೆಲ್ ಒತ್ತಿದರು. "ಮಾರಾಯ್ರೇ, ಮಗನನ್ನು ಪೊಲೀಸರು ಹಿಡಿದಿದ್ದಾರಂತೆ. ಒಮ್ಮೆ ಬರ್ತೀರಾ?" ಅವರ ಸ್ಕೂಟರಿನ ಹಿಂದೆ ಕೂತು ಮುಲುಂಡಿನಿಂದ ಐರೋಲಿ ಸೇತುವೆ ದಾಟಿ ನವಿ ಮುಂಬಯಿ ಸೇರಿದೆ. ಪಾಮ್ ಬೀಚ್ ರೋಡಿನಲ್ಲಿ ನಾಲ್ಕು ಹುಡುಗರು ಕಾರ್ ರೇಸ್ ಮಾಡುತ್ತಿದ್ದರಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಹುಡುಗನ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಚೌಕಿಯ ಎದುರು ನಿಂತಿತ್ತು. ಅದರ ಸಾಲಕ್ಕೆ ಶಿಫಾರಸು ಮಾಡಿದವನು ನಾನೇ, ಅರವತ್ತು ಕಂತು, ನಮ್ಮದೇ ಬ್ರಾಂಚು!

ಬೆಳಿಗ್ಗೆ ವಾಪಸ್ ಬರುವಾಗ ಚೆನ್ನಾಗಿ ಬೈದೆ. ಶೋಕಿ, ಅಪ್ಪನ ದುಡ್ಡು, ರಸ್ತೆಯಲ್ಲಿ ಮಲಗಿದ ಬಡವರು.. ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವನು ಹೇಳಿದ್ದು ಇಷ್ಟೇ: "ತಪ್ಪೇ ಅಂಕಲ್. ಆದ್ರೆ ಎಲ್ಲಿ ಓಡಿಸ್ಬೇಕು, ಅದನ್ನೂ ಹೇಳಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ರಸ್ತೆಯಲ್ಲಿ ರೇಸ್ ಮಾಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ.

ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸ್ ಅಂತ ಒಂದಿದೆ. ಬ್ಯಾಂಕಿನವರಿಗೆ ಸ್ಟಾಕ್ ಅಂದರೆ ಗೋದಾಮಿನ ಮಾಲು, ಪ್ರತಿ ತಿಂಗಳ ಸ್ಟೇಟ್‌ಮೆಂಟು. ಅಲ್ಲೂ ಅರ್ಥ ಹೆಚ್ಚುಕಮ್ಮಿ ಅದೇ, ಶೋರೂಮಿನಿಂದ ಬಂದ ಹಾಗೇ ಇರುವ ಕಾರು. 1948ರಲ್ಲಿ ಬಿಲ್ ಫ್ರಾನ್ಸ್ ಎಂಬಾತ ನಾಸ್ಕಾರ್ ಕಟ್ಟಿದ. 1949ರ ಜೂನ್ 19ರಂದು ಷಾರ್ಲೆಟ್ ಊರಿನ ಮಣ್ಣಿನ ಟ್ರ್ಯಾಕಿನಲ್ಲಿ ‘ಸ್ಟ್ರಿಕ್ಟ್‌ಲಿ ಸ್ಟಾಕ್’ ಸರಣಿಯ ಮೊದಲ ಓಟ. ಮೊದಲು ಗೆರೆ ದಾಟಿದವನು ಗ್ಲೆನ್ ಡನವೇ. ಆದರೆ ತಪಾಸಣೆಯಲ್ಲಿ ಸಿಕ್ಕಿಬಿದ್ದ. ಕಳ್ಳಭಟ್ಟಿ ಸಾಗಿಸುವವರು ಮಾಡುವ ಹಾಗೆ ಕಾರಿನ ಹಿಂದಿನ ಸ್ಪ್ರಿಂಗನ್ನು ಬದಲಾಯಿಸಿದ್ದರು. ಅನರ್ಹ! ಲಿಂಕನ್ ಕಾರು ಓಡಿಸಿದ ಜಿಮ್ ರೋಪರ್‌ಗೆ ಗೆಲುವು ಕೊಟ್ಟರು. ಅದೇ ಓಟದಲ್ಲಿ ಲೀ ಪೆಟಿ ಅನ್ನುವವನು ಸಾಲ ತಂದ ಬ್ಯೂಕ್ ಕಾರನ್ನು ಪಲ್ಟಿ ಹೊಡೆಸಿದ. ಕಾರಿನ ಯಜಮಾನನಿಗೆ ಏನು ಉತ್ತರ ಕೊಟ್ಟನೋ! ಇದೇ ಪೆಟಿ ಮುಂದೆ ಮೂರು ಸಲ ಚಾಂಪಿಯನ್ ಆದ. ಸಾಲದ ಕಾರಿನವನಿಗೂ ಅಲ್ಲಿ ಜಾಗ ಇತ್ತು ಅನ್ನುವುದನ್ನು ಗಮನಿಸಿ.

ಈಗ ನಮ್ಮದು ನೋಡಿ. ಮದ್ರಾಸ್ ಹತ್ತಿರದ ಶೋಲಾವರಂನಲ್ಲಿ ಯುದ್ಧಕಾಲದ ಹಳೇ ವಿಮಾನ ಪಟ್ಟಿ ಇತ್ತು. ಅಲ್ಲಿನ ಕ್ಲಬ್ಬಿನವರು 1950ರ ದಶಕದಿಂದ ಅದರ ಮೇಲೆ ಓಟ ನಡೆಸಿದರು. ಅಂಬಾಸಿಡರು, ಫಿಯಟ್ಟುಗಳನ್ನು ಮನೆ ಮುಂದಿನ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿ ತಂದು ಓಡಿಸಿದ ಕಾಲ. ನಮ್ಮ ಮುಂಬಯಿಯ ಜುಹು ವಿಮಾನ ಪಟ್ಟಿಯಲ್ಲೂ ಒಂದು ಕಾಲದಲ್ಲಿ ಕಾರುಗಳು ಓಡಿದ್ದುಂಟು. ಮದ್ರಾಸಿನವರು ಸುಮ್ಮನೆ ಕೂರಲಿಲ್ಲ. ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಜಾಗ ಮಾಡಿ 1990ಕ್ಕೆ 3.7 ಕಿಲೋಮೀಟರಿನ ಸ್ವಂತ ಟ್ರ್ಯಾಕ್ ಕಟ್ಟಿಕೊಂಡರು. ಕೊಯಮತ್ತೂರಿನ ಕರಿವರ್ಧನ್ 1980ರ ದಶಕದ ಕೊನೆಗೆ ಮಾರುತಿ 800ರ ಎಂಜಿನ್ ಹಾಕಿ ‘ಫಾರ್ಮುಲಾ ಮಾರುತಿ’ ಎಂಬ ಅಗ್ಗದ ರೇಸ್ ಕಾರು ಮಾಡಿದ. ನಾರಾಯಣ್ ಕಾರ್ತಿಕೇಯನ್ ಕಲಿತದ್ದು ಅದರಲ್ಲೇ. 1995ರಲ್ಲಿ ವಿಮಾನ ಅಪಘಾತದಲ್ಲಿ ಕರಿವರ್ಧನ್ ತೀರಿಕೊಂಡ. 2003ರಲ್ಲಿ ಅಲ್ಲಿ ಟ್ರ್ಯಾಕ್ ಆದಾಗ ಅವನ ಹೆಸರನ್ನೇ ಇಟ್ಟರು.

ಮುಂಬಯಿ ಏನು ಮಾಡಿತು? ಸಿನಿಮಾ, ಷೇರು, ಕ್ರಿಕೆಟ್ಟು. ಜುಹು ಪಟ್ಟಿ ಹೆಲಿಕಾಪ್ಟರಿಗಾಯಿತು.

ಆಮೇಲೆ ಬಂದವು ಕಂಪನಿಗಳು. ನ್ಯಾಷನಲ್ ಚಾಂಪಿಯನ್‌ಶಿಪ್ಪಿನ ಮುಂದೆ ಟೈರ್ ಕಂಪನಿಯ ಹೆಸರು, 1997ರಿಂದ ಜೆಕೆ, ಆ ಕಡೆ ಎಂಆರ್‌ಎಫ್. ಅವರು ದುಡ್ಡು ಹಾಕದಿದ್ದರೆ ಇಷ್ಟೂ ಇರುತ್ತಿರಲಿಲ್ಲ, ಒಪ್ಪೋಣ. ಆದರೆ ‘ಒಂದೇ ಮಾಡೆಲ್ ಕಪ್’ ಅನ್ನುವುದನ್ನು ನೋಡಿ. 2010ರಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಕಪ್. ಆಮೇಲೆ ಮಾರ್ಕೆಟ್ಟಿಗೆ ಯಾವ ಮಾಡೆಲ್ ಬೇಕೋ ಅದರ ಕಪ್: 2015ಕ್ಕೆ ವೆಂಟೋ, 2017ಕ್ಕೆ ಅಮಿಯೋ. ನಮ್ಮ ಬಿಡದಿಯಲ್ಲಿ ಹುಟ್ಟಿದ ಟೊಯೊಟಾ ಎಟಿಯೋಸಿಗೂ 2013ರ ಹೊತ್ತಿಗೆ ಒಂದು ಸರಣಿ ಬಂತು. ಕನ್ನಡ ನಾಡಿನ ಕಾರು ಓಡಲಿಕ್ಕೆ ಹೋದದ್ದು ತಮಿಳುನಾಡಿಗೆ! ಆ ಕಾರೇ 2020ಕ್ಕೆ ನಿಂತುಹೋಯಿತು. ಈ ಕಪ್‌ಗಳಲ್ಲಿ ಕಾರು ಕಂಪನಿಯದ್ದು, ಮೆಕ್ಯಾನಿಕ್ ಕಂಪನಿಯವನು, ಓಡಿಸುವವನು ಲಕ್ಷಗಟ್ಟಲೆ ಫೀಸು ಕಟ್ಟಿ ಕೂರುವ ಗಿರಾಕಿ. ಜಾಹೀರಾತಿನ ಬಜೆಟ್ ಮುಗಿದ ದಿನ ‘ಚಾಂಪಿಯನ್‌ಶಿಪ್ಪೂ’ ಮುಗಿಯಿತು. ಇದಕ್ಕೆ ನಮ್ಮ ಲೆಕ್ಕದ ಭಾಷೆಯಲ್ಲಿ ಸೆಲ್ಲಿಂಗ್ ಎಕ್ಸ್‌ಪೆನ್ಸ್ ಅನ್ನುತ್ತೇವೆ. ಆಸ್ತಿ ಅನ್ನುವುದಿಲ್ಲ.

ಒಂದೇ ಒಂದು ಸಲ ನನಗೆ ಆಸೆ ಹುಟ್ಟಿತ್ತು. 2014ರ ಮಾರ್ಚಿನಲ್ಲಿ ಟಾಟಾದವರು ಗ್ರೇಟರ್ ನೊಯ್ಡಾದಲ್ಲಿ ಪ್ರೈಮಾ ಲಾರಿಗಳ ರೇಸ್ ಶುರು ಮಾಡಿದರು. ಮೊದಮೊದಲು ಹೊರದೇಶದ ಡ್ರೈವರುಗಳೇ. 2016ರಲ್ಲಿ ನಮ್ಮ ಹೆದ್ದಾರಿಯ ಲಾರಿ ಡ್ರೈವರುಗಳನ್ನು ಆರಿಸಿ, ತರಬೇತಿ ಕೊಟ್ಟು ಟ್ರ್ಯಾಕಿಗಿಳಿಸಿದರು. ಢಾಬಾದಲ್ಲಿ ಚಹಾ ಕುಡಿಯುವ ಮನುಷ್ಯ ಹೆಲ್ಮೆಟ್ ಹಾಕಿ ಪೋಡಿಯಂ ಹತ್ತಿದ! 2017ರ ಸೀಸನ್ ಆಯಿತು, ಅಷ್ಟೇ. ಮುಂದೆ ನಡೆಯಲಿಲ್ಲ.

ಅದೇ ಟ್ರ್ಯಾಕಿನಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆಯಿತು, ಮೂರೂ ಸಲ ವೆಟೆಲ್ ಗೆದ್ದ. ಆಮೇಲೆ ತೆರಿಗೆ ತಗಾದೆ. ನಮ್ಮ ಕರಾವಳಿ ಮೂಲದ ಮಲ್ಯರು ಆಗ ತಂಡದ ಯಜಮಾನರು. ಯೌವನದಲ್ಲಿ ಸ್ವತಃ ಶೋಲಾವರಂನಲ್ಲಿ ಓಡಿಸಿದವರು. 2016ರಲ್ಲಿ ದೇಶ ಬಿಟ್ಟರು, ಬ್ಯಾಂಕುಗಳ ಬಾಕಿ ಸುಮಾರು 9,000 ಕೋಟಿ. (ಆ ವಿಷಯ ಬೇಡ, ನನಗೆ ಬಿಪಿ ಇದೆ.) 2024ರಲ್ಲಿ ಚೆನ್ನೈಯ ರಸ್ತೆಯಲ್ಲೇ ರಾತ್ರಿ ಫಾರ್ಮುಲಾ 4 ರೇಸ್ ಆಯಿತು, ಸರಕಾರವೇ ಮುಂದೆ ನಿಂತು. ಅಂದರೆ ಫಾರ್ಮುಲಾ ಆದರೆ ರಸ್ತೆ ಮುಚ್ಚಬಹುದು, ಸ್ವಿಫ್ಟ್ ಆದರೆ ಲಾಕಪ್ಪು.

ಊರಿನ ಕಂಬಳವನ್ನೇ ತೆಗೆದುಕೊಳ್ಳಿ. ಅಲ್ಲೂ ದುಡ್ಡಿದೆ, ಪ್ರತಿಷ್ಠೆ ಇದೆ. ಆದರೆ ಕೋಣ ಮನೆಯಲ್ಲಿ ಸಾಕಿದ್ದು, ಗದ್ದೆ ಊರಿನದ್ದು. ಯಜಮಾನನ ಹೆಸರು, ಓಡಿಸಿದವನ ಹೆಸರು, ಊರಿನ ಹೆಸರು ಮೈಕಿನಲ್ಲಿ ಕೂಗುತ್ತಾರೆ. ಕೋರ್ಟಿನ ತಡೆ ಬಂದಾಗ ಊರಿಗೆ ಊರೇ ಎದ್ದಿತು. ಪೋಲೋ ಕಪ್ ಇಲ್ಲವಾದಾಗ ಯಾರು ಎದ್ದರು, ಹೇಳಿ ನೋಡುವ?

ಮುಂಬಯಿಗೆ ನಾನು ಕೇಳುವುದು ಬುದ್ಧ ಸರ್ಕಿಟ್ಟಿನಂಥದ್ದಲ್ಲ. ಪನ್ವೇಲಿನ ಆಚೆ, ಇಲ್ಲವೇ ಭಿವಂಡಿ ಕಡೆ ಎರಡು ಕಿಲೋಮೀಟರ್ ಡಾಂಬರು, ಸುತ್ತ ಟೈರಿನ ಗೋಡೆ, ಒಂದು ಆಂಬುಲೆನ್ಸ್, ಹೆಲ್ಮೆಟ್ ಕಡ್ಡಾಯ. ರವಿವಾರ ಸಾವಿರವೋ ಎರಡು ಸಾವಿರವೋ ಕಟ್ಟಿ ಸ್ವಂತ ಕಾರು ಓಡಿಸಲಿ. ಪೊವಾಯಿ, ವಡಾಲಾ ಕಡೆಯ ಗೋಕಾರ್ಟಿನಲ್ಲಿ ಈ ಹಸಿವು ತೀರುವುದಿಲ್ಲ. ಲೋಣಾವಳದ ಆಚೆ ಆಂಬಿ ವ್ಯಾಲಿಯ ರನ್‌ವೇಯಲ್ಲಿ ಡ್ರ್ಯಾಗ್ ರೇಸ್ ನಡೆಸಿದ್ದಿದೆ, ಅದು ದುಬಾರಿ ಕಾರುಗಳ ಜಾತ್ರೆ. "ಬಡ ದೇಶಕ್ಕೆ ಇದೆಲ್ಲ ಯಾಕೆ" ಅನ್ನುವವರು ದಯವಿಟ್ಟು ಯಾವುದಾದರೂ ಶನಿವಾರ ರಾತ್ರಿ ಒಂದು ಗಂಟೆಗೆ ಪಾಮ್ ಬೀಚ್ ರೋಡಿನ ಬದಿಯಲ್ಲಿ ಹತ್ತು ನಿಮಿಷ ನಿಂತು ಬನ್ನಿ.

ಶೆಟ್ರ ಮಗನ ಕಾರು ದಂಡ ಕಟ್ಟಿದ ಮೇಲೆ ಬಂತು. ಶೆಟ್ರು ಕೀಲಿಯನ್ನು ನನ್ನ ಕೈಗೇ ಕೊಟ್ಟಿದ್ದಾರೆ, "ನಿಮ್ಮ ಬ್ಯಾಂಕಿನದ್ದೇ ಅಲ್ವಾ, ನೀವೇ ಇಟ್ಕೊಳ್ಳಿ" ಅಂತ. ನಮ್ಮ ದೇವರ ಗೂಡಿನ ಕೆಳಗಿನ ಡ್ರಾಯರಿನಲ್ಲಿದೆ. ಹುಡುಗ ದಿನಾ ಸಂಜೆ ಯಾವುದೋ ನೆಪದಲ್ಲಿ ಮನೆಗೆ ಬಂದು ಆ ಡ್ರಾಯರಿನ ಕಡೆ ಒಮ್ಮೆ ನೋಡಿ ಹೋಗುತ್ತಾನೆ.